ಬೆಲ್‌ಫಾಸ್ಟ್, ಡೆರ್ರಿಯ ಗೋಡೆ ಚಿತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಓದಲಿಕ್ಕೋ ಕೆಲಸಕ್ಕೋ ಬೆಲ್‌ಫಾಸ್ಟ್‌ಗೆ ಹೋದ ನಮ್ಮವರು ಮೊದಲ ವಾರದಲ್ಲೇ ಒಂದು ಫೋಟೊ ಕಳಿಸುತ್ತಾರೆ. ಇಟ್ಟಿಗೆ ಮನೆಯ ಬದಿಗೋಡೆ, ಅದರ ತುಂಬ ಒಂದು ಚಿತ್ರ. ಮುಸುಕು ಹಾಕಿದವನೋ, ಬಿಳಿ ಕುದುರೆ ಏರಿದ ರಾಜನೋ, ನಗುವ ಯುವಕನೋ. ಹಿಂದೆಯೇ ಪ್ರಶ್ನೆ ಬರುತ್ತದೆ: ಇದೇನಿದು? ಯಾರು ಬರೆದದ್ದು? ಅಳಿಸೋದಿಲ್ವಾ? ಅಂಥ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಕೂಡಿಸಿದ್ದೇನೆ. ಉತ್ತರಗಳಲ್ಲಿ ಇತಿಹಾಸವೂ ಇದೆ, ನನ್ನ ಅಭಿಪ್ರಾಯವೂ ಇದೆ.

ಮೊದಲು ಹೇಳಿ, ಜಗಳ ಯಾರ ಮಧ್ಯೆ?

ಐರ್ಲೆಂಡ್ ದ್ವೀಪ 1921ರಲ್ಲಿ ಎರಡು ಭಾಗವಾಯಿತು. ಉತ್ತರದ ಆರು ಜಿಲ್ಲೆಗಳು ಬ್ರಿಟನ್ ಜೊತೆ ಉಳಿದವು. ಅದೇ ಉತ್ತರ ಐರ್ಲೆಂಡ್, ಬೆಲ್‌ಫಾಸ್ಟ್ ಮತ್ತು ಡೆರ್ರಿ ಇರುವುದು ಅಲ್ಲೇ. ಬ್ರಿಟನ್ ಜೊತೆಗೇ ಇರಬೇಕು ಅನ್ನುವವರನ್ನು ಯೂನಿಯನಿಸ್ಟರು ಅನ್ನುತ್ತಾರೆ. ಅವರಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. ಐರ್ಲೆಂಡ್ ಒಂದಾಗಬೇಕು ಅನ್ನುವವರು ನ್ಯಾಷನಲಿಸ್ಟರು. ಅವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಎರಡೂ ಕಡೆಯ ಗಟ್ಟಿ ಗುಂಪುಗಳಿಗೆ ಕ್ರಮವಾಗಿ ಲಾಯಲಿಸ್ಟ್, ರಿಪಬ್ಲಿಕನ್ ಅನ್ನುವ ಹೆಸರು. ಮನೆ, ಕೆಲಸ, ಮತದಾನ ಎಲ್ಲದರಲ್ಲೂ ಕ್ಯಾಥೊಲಿಕರಿಗೆ ಅನ್ಯಾಯ ಆಗುತ್ತಿತ್ತು. 1960ರ ದಶಕದ ಕೊನೆಯಲ್ಲಿ ಅವರು ನಾಗರಿಕ ಹಕ್ಕುಗಳಿಗಾಗಿ ಬೀದಿಗಿಳಿದರು. ಅಲ್ಲಿಂದ ಶುರುವಾದ ಹಿಂಸೆ 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದದ ತನಕ ನಡೆಯಿತು. 3,500ಕ್ಕಿಂತ ಜಾಸ್ತಿ ಜನ ಸತ್ತರು. ಇಡೀ ನಾಡಿನಲ್ಲಿ ಇವತ್ತಿಗೂ ಇರುವುದು ಸುಮಾರು 19 ಲಕ್ಷ ಜನ. ಹಾಗಾಗಿ ಸಾವು ಸೋಕದ ಓಣಿ ಕಡಿಮೆ. ಆ ಕಾಲವನ್ನು ಅಲ್ಲಿನವರು 'ಟ್ರಬಲ್ಸ್' ಅನ್ನುತ್ತಾರೆ. ಇಷ್ಟು ದೊಡ್ಡ ನೋವಿಗೆ ಎಷ್ಟು ಸಣ್ಣ ಪದ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಗೋಡೆಯ ಮೇಲೇ ಯಾಕೆ?

ಆ ಊರುಗಳ ಮನೆ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಗಿರಣಿ ಮತ್ತು ಹಡಗುಕಟ್ಟೆಯ ಕೂಲಿಗಾರರಿಗಾಗಿ ಕಟ್ಟಿದ ಎರಡಂತಸ್ತಿನ ಸಾಲುಮನೆಗಳು ಅವು. ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸಾಲಿನ ಕೊನೆಯ ಮನೆಯ ಬದಿಗೋಡೆಗೆ ಬಹಳ ಸಲ ಕಿಟಕಿಯೂ ಇರುವುದಿಲ್ಲ, ಬಾಗಿಲೂ ಇರುವುದಿಲ್ಲ. ಬೀದಿಗೆ ಮುಖ ಮಾಡಿ ನಿಂತ ಖಾಲಿ ಹಲಗೆ ಇದ್ದ ಹಾಗೆ. ಅಂಗಡಿಗೆ, ಶಾಲೆಗೆ, ಚರ್ಚಿಗೆ ಹೋಗುವ ಎಲ್ಲರೂ ದಿನಾ ಅದರ ಮುಂದೆಯೇ ಹಾಯಬೇಕು. ಪತ್ರಿಕೆ, ಟಿವಿ ನಮ್ಮ ಮಾತು ಹೇಳುವುದಿಲ್ಲ ಅಂತ ಅನ್ನಿಸಿದವರಿಗೆ ಅಂಥ ಗೋಡೆ ಸಿಕ್ಕರೆ ಬಿಡುತ್ತಾರಾ?

ಒಂದು ಮಾತು ಮನಸ್ಸಿನಲ್ಲಿರಲಿ. ಈ ಚಿತ್ರಗಳು ಮೊದಲು ಮಾತಾಡುವುದು ಅದೇ ಓಣಿಯ ಜನರ ಜೊತೆ. ಎದುರು ಪಾಳಯಕ್ಕೆ ಆಮೇಲೆ, ಪ್ರವಾಸಿಗೆ ಕೊನೆಗೆ. 'ಇದು ನಮ್ಮ ಜಾಗ, ಇವರು ನಮ್ಮ ಸತ್ತವರು, ನೀನು ಇಂಥವನು' ಅಂತ ಅವು ತಮ್ಮವರಿಗೇ ಹೇಳುತ್ತವೆ.

ಮೊದಲು ಶುರು ಮಾಡಿದವರು ಯಾರು?

ಲಾಯಲಿಸ್ಟರು. 1908ರಲ್ಲಿ ಪೂರ್ವ ಬೆಲ್‌ಫಾಸ್ಟ್‌ನ ಬೀರ್ಸ್‌ಬ್ರಿಜ್ ರಸ್ತೆಯಲ್ಲಿ ಬರೆದ ಚಿತ್ರವನ್ನು ಸಾಮಾನ್ಯವಾಗಿ ಮೊದಲನೆಯದು ಅಂತ ಲೆಕ್ಕ ಹಿಡಿಯುತ್ತಾರೆ. ಅದರಲ್ಲಿದ್ದವನು ಮೂರನೇ ವಿಲಿಯಂ ರಾಜ. ಜನ ಅವನನ್ನು 'ಕಿಂಗ್ ಬಿಲ್ಲಿ' ಅನ್ನುತ್ತಾರೆ. 1690ರಲ್ಲಿ ಬಾಯ್ನ್ ನದಿಯ ಕಾಳಗದಲ್ಲಿ ಅವನು ಕ್ಯಾಥೊಲಿಕ್ ರಾಜ ಎರಡನೇ ಜೇಮ್ಸ್‌ನನ್ನು ಸೋಲಿಸಿದ. ಅದರ ನೆನಪಿಗೆ ಪ್ರತಿ ಜುಲೈ 12ರಂದು ಪ್ರಾಟೆಸ್ಟೆಂಟರ ಆರೆಂಜ್ ಮೆರವಣಿಗೆ ಹೊರಡುತ್ತದೆ. ಹಬ್ಬದ ಮುಂಚೆ ನಾವು ಮನೆಗೆ ಸುಣ್ಣ ಬಳಿಯುವ ಹಾಗೆ, ಜುಲೈಗೆ ಮುಂಚೆ ಬಿಲ್ಲಿಯ ಬಿಳಿ ಕುದುರೆಗೆ ಹೊಸ ಬಣ್ಣ ಬೀಳುತ್ತಿತ್ತು.

ನ್ಯಾಷನಲಿಸ್ಟರಿಗೆ ಆ ಸಲಿಗೆ ಇರಲಿಲ್ಲ. 1954ರ ಬಾವುಟ ಕಾಯ್ದೆ ಬ್ರಿಟಿಷ್ ಬಾವುಟಕ್ಕೆ ರಕ್ಷಣೆ ಕೊಟ್ಟಿತು. ಶಾಂತಿ ಕದಡುತ್ತದೆ ಅನ್ನಿಸಿದರೆ ಬೇರೆ ಬಾವುಟವನ್ನು ತೆಗೆಸುವ ಅಧಿಕಾರ ಪೊಲೀಸರಿಗೆ ಸಿಕ್ಕಿತು. ಐರಿಷ್ ಮೂರು ಬಣ್ಣ ಹಾರಿಸಿದರೆ ಪೊಲೀಸರು ಬರುತ್ತಿದ್ದ ಕಾಲದಲ್ಲಿ ಇಡೀ ಗೋಡೆಗೆ ಬಣ್ಣ ಬಳಿಯುವುದು ದೂರದ ಮಾತು.

ಹಾಗಾದರೆ ರಿಪಬ್ಲಿಕನ್ ಚಿತ್ರಗಳು ಬಂದಿದ್ದು ಯಾವಾಗ?

1981ರಲ್ಲಿ, ಒಮ್ಮೆಲೇ. ಜೈಲಿನಲ್ಲಿದ್ದ ರಿಪಬ್ಲಿಕನ್ ಕೈದಿಗಳು ತಮ್ಮನ್ನು ರಾಜಕೀಯ ಕೈದಿಗಳಂತೆ ನಡೆಸಿಕೊಳ್ಳಿ ಅಂತ ಉಪವಾಸ ಕೂತರು. ಬಾಬಿ ಸ್ಯಾಂಡ್ಸ್ ಉಪವಾಸದ ನಡುವೆಯೇ ಬ್ರಿಟಿಷ್ ಪಾರ್ಲಿಮೆಂಟಿಗೆ ಆರಿಸಿ ಬಂದ. 66 ದಿನ ಊಟ ಬಿಟ್ಟು ಮೇ 5ರಂದು ತೀರಿಕೊಂಡ. ಆಗ ಅವನಿಗೆ 27 ವರ್ಷ. ಒಟ್ಟು ಹತ್ತು ಜನ ಸತ್ತರು. ಆ ಬೇಸಿಗೆಯಲ್ಲಿ ಕ್ಯಾಥೊಲಿಕ್ ಬಡಾವಣೆಗಳ ಹುಡುಗರು ಕೈಗೆ ಸಿಕ್ಕ ಪೇಂಟ್ ಹಿಡಿದು ಬೀದಿಗಿಳಿದರು. ಚಿತ್ರಕಲೆ ಕಲಿತವರಲ್ಲ ಅವರು. ಗೆರೆ ಸೊಟ್ಟ ಇತ್ತು, ಮುಖ ಸರಿಯಾಗಿ ಬರುತ್ತಿರಲಿಲ್ಲ. ಆದರೂ ಓಣಿಯವರು ಅವನ್ನು ಕಾಯ್ದುಕೊಂಡರು.

ಇವತ್ತು ಫಾಲ್ಸ್ ರಸ್ತೆಯ ಸೆವಾಸ್ಟೊಪೋಲ್ ಬೀದಿಯ ಮೂಲೆಯಲ್ಲಿ, ಶಿನ್ ಫೇನ್ ಪಕ್ಷದ ಕಚೇರಿಯ ಗೋಡೆಯ ಮೇಲೆ ನಗುವ ಸ್ಯಾಂಡ್ಸ್ ಇದ್ದಾನೆ. ಜೊತೆಗೆ ಅವನದೇ ಸಾಲು: ನಮ್ಮ ಮಕ್ಕಳ ನಗುವೇ ನಮ್ಮ ಸೇಡು. ಸ್ಯಾಂಡ್ಸ್ ಇದ್ದ ರಿಪಬ್ಲಿಕನ್ ಸಶಸ್ತ್ರ ಗುಂಪು ಐಆರ್‌ಎ ಮಾಡಿದ ಕೊಲೆಗಳನ್ನು ನೆನೆಯುವವರಿಗೆ ಆ ಮಾತು ಕಹಿ. ಅವನನ್ನು ಮಗನಂತೆ ಕಂಡವರಿಗೆ ಅದು ಪ್ರಾರ್ಥನೆ. ಅದೇ ಗೋಡೆ, ಅದೇ ಸಾಲು.

ಯಾವುದು ಯಾರ ಕಡೆಯದು ಅಂತ ಹೇಗೆ ಗುರುತಿಸುವುದು?

ಮೊದಲು ಕಾಲ ಕೆಳಗೆ ನೋಡಿ. ಫುಟ್‌ಪಾತಿನ ಅಂಚಿನ ಕಲ್ಲುಗಳಿಗೆ ಕೆಂಪು, ಬಿಳಿ, ನೀಲಿ ಬಳಿದಿದ್ದರೆ ಅದು ಲಾಯಲಿಸ್ಟ್ ಬೀದಿ. ಹಸಿರು, ಬಿಳಿ, ಕಿತ್ತಳೆ ಇದ್ದರೆ ರಿಪಬ್ಲಿಕನ್. ಕೆಂಪು ಅಂಗೈ, ಕಿರೀಟ, ಯುವಿಎಫ್ ಅಥವಾ ಯುಡಿಎ ಅನ್ನುವ ಸಶಸ್ತ್ರ ಗುಂಪುಗಳ ಅಕ್ಷರಗಳು ಲಾಯಲಿಸ್ಟರವು. ಐರಿಷ್ ಭಾಷೆಯ ಬರಹ, ಫೀನಿಕ್ಸ್ ಹಕ್ಕಿ, ಬಿಳಿ ಲಿಲಿ ಹೂವು ರಿಪಬ್ಲಿಕನರವು.

1916 ಅನ್ನುವ ಇಸವಿ ಎರಡೂ ಕಡೆ ಸಿಗುತ್ತದೆ. ರಿಪಬ್ಲಿಕನರಿಗೆ ಅದು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಡಬ್ಲಿನ್‌ನಲ್ಲಿ ಎದ್ದ ಈಸ್ಟರ್ ದಂಗೆಯ ವರ್ಷ. ಲಾಯಲಿಸ್ಟರಿಗೆ ಫ್ರಾನ್ಸ್‌ನ ಸೋಮ್ ರಣರಂಗದಲ್ಲಿ ಬ್ರಿಟಿಷ್ ಸೈನ್ಯದ 36ನೇ ಅಲ್ಸ್ಟರ್ ಡಿವಿಷನ್‌ನ ಹುಡುಗರು ಸಾವಿರಗಟ್ಟಲೆ ಬಿದ್ದ ವರ್ಷ. ಕೂಹುಲಿನ್ ಅನ್ನುವ ಪುರಾಣದ ವೀರನ ಕಥೆ ಇನ್ನೂ ವಿಚಿತ್ರ. ಈಸ್ಟರ್ ದಂಗೆಯ ನೆನಪಿಗೆ ಡಬ್ಲಿನ್‌ನ ದೊಡ್ಡ ಅಂಚೆ ಕಚೇರಿಯಲ್ಲಿ ಇಟ್ಟಿರುವುದು ಅವನು ಸಾಯುತ್ತಿರುವ ಶಿಲ್ಪ. ರಿಪಬ್ಲಿಕನರು ಅದನ್ನು ಗೋಡೆಗೆ ತಂದರು. ಪೂರ್ವ ಬೆಲ್‌ಫಾಸ್ಟ್‌ನ ಲಾಯಲಿಸ್ಟರೂ ಅದೇ ಭಂಗಿಯ ಅದೇ ವೀರನನ್ನು ತಂದರು. ಐರ್ಲೆಂಡಿನ ಉತ್ತರ ಪ್ರಾಂತ್ಯವಾದ ಅಲ್ಸ್ಟರನ್ನು ಒಬ್ಬನೇ ಕಾಪಾಡಿದವನು, ಅದಕ್ಕೇ ಅವನು ನಮ್ಮವನು ಅನ್ನುವುದು ಅವರ ವಾದ. ಅಣ್ಣತಮ್ಮಂದಿರು ಒಂದೇ ಅಜ್ಜನ ಫೋಟೊಗೆ ಕಿತ್ತಾಡಿದ ಹಾಗೆ ಕಾಣುತ್ತದೆ, ಅಲ್ವಾ?

ಡೆರ್ರಿಯ ಆ ಒಂಟಿ ಗೋಡೆ ಯಾವುದು?

1969ರ ಜನವರಿಯಲ್ಲಿ ಪೊಲೀಸರು ಡೆರ್ರಿಯ ಬಾಗ್‌ಸೈಡ್ ಅನ್ನುವ ಕ್ಯಾಥೊಲಿಕ್ ಬಡಾವಣೆಗೆ ನುಗ್ಗಿ ಹೊಡೆದ ಮೇಲೆ ಒಂದು ಮನೆಯ ಬದಿಗೋಡೆಯಲ್ಲಿ ಸಾಲೊಂದು ಕಾಣಿಸಿತು: 'ನೀವೀಗ ಸ್ವತಂತ್ರ ಡೆರ್ರಿಯೊಳಗೆ ಕಾಲಿಡುತ್ತಿದ್ದೀರಿ'. ಚಿತ್ರ ಇಲ್ಲ, ಬರೀ ಅಕ್ಷರ. ಮುಂದೆ ರಸ್ತೆ ಅಗಲ ಮಾಡಿ ಆ ಸಾಲುಮನೆಗಳನ್ನು ಕೆಡವಿದರು. ಗೋಡೆಯೊಂದನ್ನು ಮಾತ್ರ ಬಿಟ್ಟರು. ಈಗ ಅದು ಮನೆಯಿಲ್ಲದ ಗೋಡೆಯಾಗಿ ರಸ್ತೆ ಮಧ್ಯೆ ನಿಂತಿದೆ. ಬೇರೆ ಬೇರೆ ಹೋರಾಟಗಳಿಗೆ ಬೆಂಬಲವಾಗಿ ಆಗಾಗ ಅದರ ಬಣ್ಣ ಬದಲಾಗುತ್ತದೆ, ಒಮ್ಮೆ ಗುಲಾಬಿಯೂ ಆಗಿತ್ತು. ಅಕ್ಷರ ಮಾತ್ರ ಹಾಗೇ ಇರುತ್ತವೆ.

ಅದರ ಸುತ್ತ, ರಾಸ್‌ವಿಲ್ ಬೀದಿಯಲ್ಲಿ, 'ಬಾಗ್‌ಸೈಡ್ ಆರ್ಟಿಸ್ಟ್ಸ್' ಅನ್ನುವ ಮೂವರು ಬರೆದ 12 ದೊಡ್ಡ ಚಿತ್ರಗಳಿವೆ. ಟಾಮ್ ಕೆಲ್ಲಿ, ಅವರ ಅಣ್ಣ ವಿಲಿಯಂ ಕೆಲ್ಲಿ, ಗೆಳೆಯ ಕೆವಿನ್ ಹ್ಯಾಸನ್. ಅಲ್ಲೇ ಹುಟ್ಟಿ ಬೆಳೆದವರು. 1972ರ ಜನವರಿ 30ರ 'ಬ್ಲಡಿ ಸಂಡೇ' ದಿನ ಬ್ರಿಟಿಷ್ ಸೈನಿಕರು ಅದೇ ಬೀದಿಗಳಲ್ಲಿ ಮೆರವಣಿಗೆಯ ಜನರ ಮೇಲೆ ಗುಂಡು ಹಾರಿಸಿದರು. ಅವತ್ತೇ 13 ಜನ ಸತ್ತರು, ಗಾಯಗೊಂಡ ಇನ್ನೊಬ್ಬರು ಆಮೇಲೆ ತೀರಿಕೊಂಡರು. ರಕ್ತದ ಕರ್ಚೀಫು ಬೀಸುತ್ತ ಬಾಗಿ ನಡೆಯುವ ಪಾದ್ರಿ ಎಡ್ವರ್ಡ್ ಡೇಲಿ, ಅವರ ಹಿಂದೆ 17 ವರ್ಷದ ಹುಡುಗನನ್ನು ಹೊತ್ತವರು. ಲೋಕವೆಲ್ಲ ನೋಡಿದ ಆ ದೃಶ್ಯ ಇಲ್ಲಿ ಮನೆಯಷ್ಟೆತ್ತರ ಇದೆ. ಸತ್ತವರು ನಿರಪರಾಧಿಗಳು ಅಂತ ಸವಿಲ್ ವಿಚಾರಣಾ ವರದಿ ಹೇಳಿ, ಬ್ರಿಟಿಷ್ ಪ್ರಧಾನಿ ಕ್ಷಮೆ ಕೇಳಿದ್ದು 2010ರಲ್ಲಿ. 38 ವರ್ಷ! ಅಷ್ಟು ವರ್ಷ ಸರ್ಕಾರದ ಕಾಗದ ಒಂದು ಹೇಳುತ್ತಿತ್ತು, ಓಣಿಯ ಜನ ಇನ್ನೊಂದು ಹೇಳುತ್ತಿದ್ದರು. ಗೋಡೆ ನಿಂತಿದ್ದು ಓಣಿಯ ಕಡೆ, ಕೊನೆಗೆ ಸರಿ ಅನ್ನಿಸಿಕೊಂಡಿದ್ದೂ ಅದೇ.

ಶಾಲೆ ಬಟ್ಟೆಯ ಹುಡುಗಿ ಮತ್ತು ಚಿಟ್ಟೆಯ ಚಿತ್ರದ ಕಥೆ ಏನು?

ಎಲ್ಲ ಚಿತ್ರಗಳಲ್ಲಿ ನನ್ನನ್ನು ಬಿಡದೆ ಕಾಡುವುದು ಇದೇ.

ಹುಡುಗಿಯ ಹೆಸರು ಆನೆಟ್ ಮೆಕ್‌ಗ್ಯಾವಿಗನ್. 14 ವರ್ಷ. 1971ರ ಸೆಪ್ಟೆಂಬರ್‌ನಲ್ಲಿ, ಶಾಲೆಯ ಸಮವಸ್ತ್ರದಲ್ಲೇ ಇದ್ದಾಗ, ಗಲಾಟೆಯ ನಡುವೆ ಬ್ರಿಟಿಷ್ ಸೈನಿಕನ ಗುಂಡಿಗೆ ಸಿಕ್ಕಿ ಸತ್ತಳು. 1999ರಲ್ಲಿ ಬಾಗ್‌ಸೈಡ್ ಕಲಾವಿದರು ಅವಳನ್ನು ಬರೆದರು. ಹಸಿರು ಸ್ಕರ್ಟ್, ಟೈ, ನೇರ ನಮ್ಮನ್ನೇ ನೋಡುವ ಕಣ್ಣು. ಹಿಂದೆ ಬಾಂಬಿಗೆ ಕುಸಿದ ಮನೆಯ ತೊಲೆಗಳು. ಒಂದು ಬದಿಯಲ್ಲಿ ತಲೆಕೆಳಗಾದ ಬಂದೂಕು. ಮೇಲೆ ಒಂದು ಚಿಟ್ಟೆ, ಬರೀ ಗೆರೆ, ಬಣ್ಣವಿಲ್ಲ. ಶಾಂತಿ ನಿಲ್ಲುತ್ತದೆ ಅಂತ ಅವರಿಗೆ ಆಗ ಪೂರ್ತಿ ನಂಬಿಕೆ ಇರಲಿಲ್ಲ. ಅದಕ್ಕೇ ಚಿಟ್ಟೆಯನ್ನು ಹಾಗೇ ಬಿಟ್ಟರು.

2006ರಲ್ಲಿ ಅವರು ಮತ್ತೆ ಮೇಲೆ ಹತ್ತಿದರು. ಬಂದೂಕನ್ನು ಮುರಿದ ಹಾಗೆ ಬರೆದರು. ಚಿಟ್ಟೆಗೆ ಬಣ್ಣ ತುಂಬಿದರು.

ಯಾವ ಸರ್ಕಾರದ ಆದೇಶವೂ ಅಲ್ಲ ಇದು. ಬರೆದವರೇ, ಅದೇ ಓಣಿಯ ಮುಂದೆ, 'ಈಗ ಬಣ್ಣ ತುಂಬಬಹುದು' ಅಂದರು. ಏಳು ವರ್ಷ ಅವರು ಕಾದರು, ಓಣಿಯೂ ಕಾದಿತು. ನನಗೆ ಇದಕ್ಕಿಂತ ದೊಡ್ಡ ಶಾಂತಿ ಒಪ್ಪಂದ ಗೊತ್ತಿಲ್ಲ. ಆನೆಟ್ ಇವರ ಕಡೆ, ಅವರ ಕಡೆ ಅಂತ ಚಿತ್ರ ಎಲ್ಲೂ ಹೇಳುವುದಿಲ್ಲ. ಮಗು ಅಷ್ಟೇ.

ಮುಸುಕು, ಬಂದೂಕಿನ ಚಿತ್ರಗಳನ್ನು ಸರ್ಕಾರ ಸುಣ್ಣ ಬಳಿದು ಅಳಿಸಬಾರದೇಕೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

1985ರ ಆಂಗ್ಲೋ ಐರಿಷ್ ಒಪ್ಪಂದ ಉತ್ತರದ ವಿಷಯದಲ್ಲಿ ಡಬ್ಲಿನ್‌ನ ಐರಿಷ್ ಸರ್ಕಾರಕ್ಕೂ ಮಾತಾಡುವ ಒಂದಿಷ್ಟು ಹಕ್ಕು ಕೊಟ್ಟಿತು. ಆಗ ಲಾಯಲಿಸ್ಟರಿಗೆ ತಮ್ಮನ್ನು ಕೈಬಿಟ್ಟರು ಅನ್ನಿಸಿತು. ಅವರ ಗೋಡೆಗಳಲ್ಲಿ ರಾಜ ಹಿಂದೆ ಸರಿದು ಮುಸುಕುಧಾರಿ ಮುಂದೆ ಬಂದ. 1994ರ ಕದನವಿರಾಮದ ನಂತರ ರಿಪಬ್ಲಿಕನ್ ಚಿತ್ರಕಾರರು ಬಂದೂಕು ಬರೆಯುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದರು. ಲಾಯಲಿಸ್ಟ್ ಓಣಿಗಳಲ್ಲಿ ಅದು ಜಾಸ್ತಿಯೇ ಆಯಿತು. ಬೆಲ್‌ಫಾಸ್ಟ್‌ನ ಲಾಯಲಿಸ್ಟ್ ಬಡಾವಣೆ ಕೆಳ ಶಾಂಕಿಲ್‌ನ ಒಂದು ಚಿತ್ರದಲ್ಲಿ ಎಲ್ಲಿ ನಿಂತರೂ ಬಂದೂಕಿನ ನಳಿಕೆ ನಿಮ್ಮನ್ನೇ ಹಿಂಬಾಲಿಸುತ್ತಿತ್ತು. ಪ್ರವಾಸಿಗರಿಗೆ ಅದು ಸೋಜಿಗ. ಆದರೆ ಅದರ ಎದುರು ಮನೆಯಲ್ಲಿ ಮಕ್ಕಳು ಬೆಳೆದರು, ದಿನಾ ಬೆಳಿಗ್ಗೆ ಅದೇ ನಳಿಕೆಯ ಮುಂದೆ ಶಾಲೆಗೆ ಹೋದರು.

ಮುಸುಕುಧಾರಿಯನ್ನು ಗೋಡೆಗೆ ತಂದವರು ಬರೀ ನೆನಪಿಗೆ ತಂದಿರಲಿಲ್ಲ. ಇಲ್ಲಿ ಯಾರ ಮಾತು ನಡೆಯುತ್ತದೆ ಅಂತ ಓಣಿಯವರಿಗೇ ತೋರಿಸುವ ಫಲಕವೂ ಅದಾಗಿತ್ತು. ಅಂಥ ಗೋಡೆಗೆ ಹೊರಗಿನವರು ಹೋಗಿ ಸುಣ್ಣ ಬಳಿದರೆ ವಾರದೊಳಗೆ ಮತ್ತೆ ಚಿತ್ರ ಬರುತ್ತದೆ, ಮೊದಲಿಗಿಂತ ದೊಡ್ಡದಾಗಿ.

ಅದಕ್ಕೇ 2006ರಲ್ಲಿ ಉತ್ತರ ಐರ್ಲೆಂಡಿನ ಆರ್ಟ್ಸ್ ಕೌನ್ಸಿಲ್ ಬೇರೆ ದಾರಿ ಹಿಡಿಯಿತು. 33 ಲಕ್ಷ ಪೌಂಡ್ ಹಣ ಇಟ್ಟು 'ರಿ-ಇಮೇಜಿಂಗ್ ಕಮ್ಯುನಿಟೀಸ್' ಅನ್ನುವ ಯೋಜನೆ ತಂದರು. ಬಡಾವಣೆಯವರು ತಾವೇ ಮುಂದೆ ಬರಬೇಕು. ಕಲಾವಿದರ ಜೊತೆ ಕೂತು ಹಳೆಯದರ ಜಾಗಕ್ಕೆ ಏನು ಬರಬೇಕು ಅಂತ ಮಾತಾಡಬೇಕು. ಆ ವರ್ಷಗಳಲ್ಲಿ ಫುಟ್‌ಬಾಲ್ ಆಟಗಾರ ಜಾರ್ಜ್ ಬೆಸ್ಟ್, ಟೈಟಾನಿಕ್ ಕಟ್ಟಿದ ಹಡಗುಕಟ್ಟೆಯ ಕೆಲಸಗಾರರು, ಓಣಿಯ ಹಳೇ ಬದುಕು ಗೋಡೆಗೆ ಬಂದವು.

ಹೊಸ ಚಿತ್ರಗಳಲ್ಲಿ ಕೆಲವು ಸಪ್ಪೆ ಅನ್ನುವುದು ನಿಜ. ಯಾರಿಗೂ ನೋವಾಗಬಾರದು ಅಂತ ಬರೆದದ್ದು ಯಾರಿಗೂ ತಾಕುವುದಿಲ್ಲ. ನೋವನ್ನು ಮುಚ್ಚಿ ಟೈಟಾನಿಕ್ ಬರೆದರೆ ನೋವು ಹೋಗುತ್ತದೆಯೇ ಅಂತ ಅಲ್ಲಿನವರೇ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೂ ಆ ಎದುರುಮನೆಯ ಮಗುವನ್ನು ನೆನೆದಾಗ ನನ್ನ ತಕ್ಕಡಿ ಒಂದು ಕಡೆಗೇ ವಾಲುತ್ತದೆ. ಸಪ್ಪೆ ಚಿತ್ರವಾದರೂ ಇರಲಿ, ನಳಿಕೆ ಬೇಡ.

ಗೋಡೆಯ ಮೇಲೆ ಬಾರದವರು ಯಾರು?

ಸತ್ತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಾಮಾನ್ಯರು. ಗೋಡೆಗಳಲ್ಲಿ ಈ ಲೆಕ್ಕ ಕಾಣುವುದಿಲ್ಲ. ಅಲ್ಲಿ ಬಂದೂಕು ಹಿಡಿದವರ ಮುಖಗಳೇ ಹೆಚ್ಚು, ಗಂಡಸರೇ ಹೆಚ್ಚು.

ಸುಮಾರು 60 ಶೇಕಡಾ ಸಾವುಗಳಿಗೆ ರಿಪಬ್ಲಿಕನ್ ಗುಂಪುಗಳು, 30 ಶೇಕಡಾಕ್ಕೆ ಲಾಯಲಿಸ್ಟ್ ಗುಂಪುಗಳು, 10 ಶೇಕಡಾಕ್ಕೆ ಸೈನ್ಯ ಮತ್ತು ಪೊಲೀಸರು ಕಾರಣ ಅಂತ ಲೆಕ್ಕವಿದೆ. ಆದರೆ ತಮ್ಮ ಕಡೆಯವರೇ ಕೊಂದವರ ಬಗ್ಗೆ ಮಾತಾಡುವ ಗೋಡೆ ತೀರಾ ಕಡಿಮೆ. ಫಾಲ್ಸ್ ರಸ್ತೆ ಶುರುವಾಗುವ ಕಡೆ ಡಿವಿಸ್ ಫ್ಲಾಟ್‌ಗಳಿದ್ದವು. 1972ರ ಡಿಸೆಂಬರ್‌ನಲ್ಲಿ ಜೀನ್ ಮೆಕ್‌ಕಾನ್‌ವಿಲ್ ಅನ್ನುವ ವಿಧವೆಯನ್ನು, ಹತ್ತು ಮಕ್ಕಳ ತಾಯಿಯನ್ನು, ಐಆರ್‌ಎ ಅಲ್ಲಿಂದ ಎಳೆದೊಯ್ದು ಕೊಂದು ಹೂತಿತು. ಅಸ್ಥಿ ಸಿಕ್ಕಿದ್ದು 2003ರಲ್ಲಿ, ಗಡಿಯಾಚೆ ಕಡಲ ತೀರದಲ್ಲಿ. ಆ ರಸ್ತೆಯಲ್ಲಿ ಚಿತ್ರ ನೋಡುತ್ತ ನಡೆಯುವವರು ಅವರ ಹೆಸರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ನಡೆಯಲಿ ಅನ್ನುವುದು ನನ್ನ ಆಸೆ.

ಇನ್ನೊಂದು ಸಂಕಟವಿದೆ. ಒಬ್ಬರ ಹುತಾತ್ಮ ಇನ್ನೊಬ್ಬರ ಮಗನನ್ನು ಕೊಂದವನಾಗಿರಬಹುದು. ಆ ತಾಯಿ ಬಸ್ಸಿನಲ್ಲಿ ಅದೇ ಗೋಡೆ ಮುಂದೆ ಹಾದು ಹೋಗಬೇಕು. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಅನುಮತಿ ಬೇಕಾ? ಎಷ್ಟು ವರ್ಷ ಬಾಳುತ್ತವೆ?

ಹಿಂದೆ ಯಾರೂ ಕೇಳುತ್ತಿರಲಿಲ್ಲ. ಮನೆ ಸರ್ಕಾರಿ ವಸತಿ ಸಂಸ್ಥೆಯದಾಗಿದ್ದರೂ ಗೋಡೆ ಓಣಿಯದು ಅನ್ನುವ ಲೆಕ್ಕ. ಮನೆಯವರಿಗೆ ಇಷ್ಟವಿಲ್ಲದಿದ್ದರೂ ಬೇಡ ಅನ್ನುವ ಧೈರ್ಯ ಎಲ್ಲರಿಗೂ ಇರಲಿಲ್ಲ. ಸರ್ಕಾರದ ಹಣದಲ್ಲಿ ಬರುವ ಚಿತ್ರಗಳಿಗೆ ಈಗ ಕಾಗದಪತ್ರ ಎಲ್ಲ ಬೇಕು. ಸಾರುವೆ ಕಟ್ಟುತ್ತಾರೆ, ಗೋಡೆ ತೊಳೆದು ಬಿಳಿ ಬಳಿಯುತ್ತಾರೆ, ಚೌಕ ಎಳೆದು ಸಣ್ಣ ಚಿತ್ರವನ್ನು ದೊಡ್ಡದು ಮಾಡುತ್ತಾರೆ. ಅಲ್ಲಿನ ಮಳೆ ಗೊತ್ತಲ್ಲ, ಕೆಲವೇ ವರ್ಷದಲ್ಲಿ ಬಣ್ಣ ಎದ್ದು ಬರುತ್ತದೆ. ಮತ್ತೆ ಬಳಿಯದಿದ್ದರೆ ಚಿತ್ರ ಸತ್ತಂತೆ. ಹಾಗಾಗಿ ಹೊಳೆಯುವ ಹಳೇ ಚಿತ್ರ ಕಂಡರೆ ಅದರ ಅರ್ಥ, ಅದನ್ನು ಇನ್ನೂ ಬೇಕು ಅನ್ನುವವರು ಅಲ್ಲಿದ್ದಾರೆ ಅಂತ. ಈಗೀಗ ಹಲಗೆಯ ಮೇಲೆ ಮುದ್ರಿಸಿ ಗೋಡೆಗೆ ಬಿಗಿಯುವುದೂ ಇದೆ. ನನಗೇನೋ ಕೈಬಣ್ಣದ್ದೇ ಇಷ್ಟ.

ಎರಡು ಕಡೆಯವರೂ ಸೇರಿ ಬರೆದದ್ದು ಇದೆಯಾ?

ಇದೆ. ಡಿವಿಸ್ ಬೀದಿಯ ಉದ್ದದ ಗೋಡೆಗೆ 'ಇಂಟರ್‌ನ್ಯಾಷನಲ್ ವಾಲ್' ಅಂತ ಹೆಸರು. ಮಂಡೇಲಾ, ಪ್ಯಾಲೆಸ್ಟೀನ್, ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಹೀಗೆ ಅಲ್ಲಿ ಚಿತ್ರಗಳು ಬದಲಾಗುತ್ತಲೇ ಇರುತ್ತವೆ. 2007ರಲ್ಲಿ ರಿಪಬ್ಲಿಕನ್ ಚಿತ್ರಕಾರ ಡ್ಯಾನಿ ಡೆವೆನಿ ಮತ್ತು ಲಾಯಲಿಸ್ಟ್ ಕಡೆಯ ಮಾರ್ಕ್ ಎರ್ವಿನ್ ಅಲ್ಲಿ ಜೊತೆಯಾಗಿ ಪಿಕಾಸೊನ 'ಗೆರ್ನಿಕಾ' ಬರೆದರು. ಬಾಂಬಿಗೆ ಸಿಕ್ಕ ಊರಿನ ಚಿತ್ರವನ್ನೇ ಆರಿಸಿಕೊಂಡಿದ್ದಾರೆ ನೋಡಿ. ಅದರ ಮುಂದೆ ಯಾವ ಕಡೆಯವರಿಗೂ ಅರ್ಥ ಹೇಳಿಕೊಡಬೇಕಿಲ್ಲ.

ನಮಗೂ ಇದಕ್ಕೂ ಏನಾದರೂ ನಂಟಿದೆಯಾ?

ಫಾಲ್ಸ್ ರಸ್ತೆಯಿಂದ ಒಳಗೆ ಹೋದರೆ ಕಾಶ್ಮೀರ್ ರೋಡ್, ಬಾಂಬೆ ಸ್ಟ್ರೀಟ್ ಅನ್ನುವ ಬೋರ್ಡು ಕಂಡು ನಮ್ಮವರು ನಿಂತುಬಿಡುತ್ತಾರೆ. ನಮ್ಮನ್ನು ಆಳುತ್ತಿದ್ದ ಕಾಲದಲ್ಲಿ ಇಟ್ಟ ಹೆಸರುಗಳು. 1969ರ ಆಗಸ್ಟ್ 15ರಂದು ಲಾಯಲಿಸ್ಟ್ ಗುಂಪು ಆ ಬಾಂಬೆ ಸ್ಟ್ರೀಟಿಗೆ ಬೆಂಕಿ ಹಚ್ಚಿತು. ಮನೆ ಕಳೆದುಕೊಂಡವರು ಅಲ್ಲೇ ಮತ್ತೆ ಕಟ್ಟಿಕೊಂಡರು. ಈಗ ಅಲ್ಲೊಂದು ನೆನಪಿನ ತೋಟ ಇದೆ, ಹಿಂದೆಯೇ ಎರಡು ಕಡೆಯವರನ್ನು ಬೇರೆ ಮಾಡುವ ಎತ್ತರದ ತಡೆಗೋಡೆ. ಆ ಸಾಲಿನ ಹಿತ್ತಲುಗಳಿಗೆ ಬಲೆ ಕಟ್ಟಿದ್ದಾರೆ, ಆಚೆಯಿಂದ ಕಲ್ಲು ಬೀಳಬಾರದು ಅಂತ.

ಬಾಬಿ ಸ್ಯಾಂಡ್ಸ್ ಸತ್ತಾಗ ನಮ್ಮ ರಾಜ್ಯಸಭೆಯಲ್ಲಿ ವಿರೋಧ ಪಕ್ಷಗಳ ಸದಸ್ಯರು ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿದರು. 1929ರಲ್ಲಿ ಲಾಹೋರ್ ಜೈಲಿನಲ್ಲಿ 63 ದಿನ ಉಪವಾಸವಿದ್ದು ಸತ್ತ ಜತಿನ್ ದಾಸ್ ನಮ್ಮವರಿಗೆ ಮರೆತಿರಲಿಲ್ಲ. ಡೆರ್ರಿಯಲ್ಲಿರುವ, ಅಲ್ಲಿನ ನ್ಯಾಷನಲಿಸ್ಟ್ ನಾಯಕ ಜಾನ್ ಹ್ಯೂಮ್ ಅವರ ಚಿತ್ರದಲ್ಲಿ ಅವರ ಜೊತೆ ಮಾರ್ಟಿನ್ ಲೂಥರ್ ಕಿಂಗ್, ಮಂಡೇಲಾ ಮತ್ತು ಕೋಲ್ಕತಾದ ಮದರ್ ತೆರೇಸಾ ಇದ್ದಾರೆ.

ನೋಡಲು ಹೋಗಬಹುದಾ? ಗೋಡೆ ಮೇಲೆ ಹೆಸರು ಬರೆಯಬಹುದಾ?

ಹಗಲಲ್ಲಿ ಧಾರಾಳವಾಗಿ ಹೋಗಿ. ಬ್ಲ್ಯಾಕ್ ಟ್ಯಾಕ್ಸಿಯ ಚಾಲಕರು ಸುತ್ತಿಸಿ ಕಥೆ ಹೇಳುತ್ತಾರೆ. ಒಬ್ಬರ ಕಥೆ ಕೇಳಿ ಮುಗಿಸಬೇಡಿ, ಎರಡೂ ಕಡೆಯವರದ್ದು ಕೇಳಿ. ಚಿತ್ರ ಇರುವುದು ಯಾರದೋ ಮನೆಯ ಗೋಡೆ. ಕಿಟಕಿಯೊಳಗೆ ಕ್ಯಾಮೆರಾ ತಿರುಗಿಸಬೇಡಿ. ಮುಸುಕುಧಾರಿಯ ಚಿತ್ರದ ಮುಂದೆ ಬಂದೂಕು ಹಿಡಿದ ಹಾಗೆ ನಿಂತು ಸೆಲ್ಫಿ ಬೇಡ, ದಯವಿಟ್ಟು. ಜುಲೈ 11ರ ರಾತ್ರಿ ಲಾಯಲಿಸ್ಟ್ ಬಡಾವಣೆಗಳಲ್ಲಿ ದೊಡ್ಡ ಬೆಂಕಿ ಹಾಕುತ್ತಾರೆ. ಹೊಸಬರು ಅವತ್ತು ಒಬ್ಬರೇ ಅಲೆಯದಿದ್ದರೆ ಒಳ್ಳೇದು.

ಹೆಸರು ಬರೆಯುವುದು ಕೂಪರ್ ವೇಯಲ್ಲಿ, ಶಾಂಕಿಲ್ ಮತ್ತು ಫಾಲ್ಸ್ ನಡುವಿನ ತಡೆಗೋಡೆಯ ಮೇಲೆ. ಟ್ಯಾಕ್ಸಿಯವರೇ ಪೆನ್ನು ಕೊಡುತ್ತಾರೆ. ಸಾವಿರಾರು ಊರಿನ ಜನ ಶಾಂತಿ ಬೇಕು ಅಂತ ಅಲ್ಲಿ ಬರೆದಿದ್ದಾರೆ, ಹುಡುಕಿದರೆ ಕನ್ನಡ ಅಕ್ಷರವೂ ಸಿಕ್ಕೀತು. 2023ರೊಳಗೆ ಇಂಥ ತಡೆಗೋಡೆಗಳನ್ನೆಲ್ಲ ತೆಗೆಯುತ್ತೇವೆ ಅಂತ ಅಲ್ಲಿನ ಸರ್ಕಾರ 2013ರಲ್ಲಿ ಹೇಳಿತ್ತು. ತೆಗೆಯಲಿಲ್ಲ. ಪಕ್ಕದಲ್ಲಿ ವಾಸವಿರುವವರಲ್ಲಿ ಅನೇಕರಿಗೆ ಇನ್ನೂ ಭಯ, ಅವರು ಒಪ್ಪದೆ ಯಾರೂ ಅದನ್ನು ಕೆಡವಲಾರರು. ನೀವು ಬರೆಯುವುದಿದ್ದರೆ ಹಗಲಲ್ಲೇ ಬರೆದು ಬನ್ನಿ. ಈ ಕಡೆಯಿಂದ ಆ ಕಡೆಗೆ ದಾಟುವ ಕಬ್ಬಿಣದ ಗೇಟುಗಳಲ್ಲಿ ಕೆಲವನ್ನು ರಾತ್ರಿ ಈಗಲೂ ಮುಚ್ಚುತ್ತಾರೆ.